ಯಾರೂ ಮೆಟ್ಟದ ಚೌಕ

ಹೆಲಿಕಾಪ್ಟರಿನ ಸದ್ದು ಬೆಟ್ಟದಾಚೆ ಕರಗಿದ ಮೇಲೆ ಅನಾಹೆರಾಳಿಗೆ ತನ್ನ ಕಿವಿಯೊಳಗೆ ರಕ್ತ ಹರಿಯುವ ಸದ್ದೂ ಕೇಳತೊಡಗಿತು. ಅಂಟಾರ್ಟಿಕಾದ ಈ ಒಣ ಕಣಿವೆಯಲ್ಲಿ ಅಷ್ಟು ಮೌನ.

ಹಳದಿ ಡೇರೆಯ ಹಗ್ಗ ಬಿಗಿಯುತ್ತಿದ್ದವನು ತಿರುಗಿದ. ಫರ್ಗಸ್.

"ನೀನಾ?"

"ನಾನೇ. ಈ ಸಲ ಕ್ಯಾಂಪಿನ ಗೈಡ್ ನಾನು."

"ನನಗ್ಯಾರೂ ಹೇಳಲಿಲ್ಲ."

"ನಾನೇ ಹೇಳಬೇಡಿ ಅಂದಿದ್ದೆ. ಹೇಳಿದ್ರೆ ನೀನು ಬರ್ತಿರಲಿಲ್ಲ."

"ಬರ್ತಿದ್ದೆ. ನಾನು ಬಂದಿರೋದು ಮಣ್ಣು ಪರೀಕ್ಷಿಸೋಕೆ, ನಿನ್ನನ್ನ ನೋಡೋಕಲ್ಲ."

ಅವನು ನಕ್ಕ. ಗಡ್ಡದ ಮೇಲಿನ ಹಿಮದ ಪುಡಿ ಸಣ್ಣಗೆ ಉದುರಿತು. ಆ ನಗು ಬದಲಾಗಿರಲಿಲ್ಲ, ನಡಿಗೆ ಬದಲಾಗಿತ್ತು. ಎಡಗಾಲನ್ನು ತುಸು ಎಳೆದು ಹಾಕುತ್ತಿದ್ದ.

ಐದು ವರ್ಷದ ಹಿಂದೆ ಇದೇ ಕಣಿವೆಯಲ್ಲಿ ಆರು ವಾರ ಒಂದೇ ಸ್ಟವ್‌ನ ಟೀ ಕುಡಿದಿದ್ದರು. ಕೊನೆಯ ದಿನ ಅವನು ಏನೋ ಹೇಳಲು ಬಾಯಿ ತೆರೆದಿದ್ದ, ಹೇಳದೆ ಉಳಿದಿದ್ದ. ಊರಿಗೆ ಮರಳಿದ ಮೇಲೆ ಅವಳು ಮೂರು ಕಾಗದ ಬರೆದಳು. ಒಂದಕ್ಕೂ ಉತ್ತರ ಬರಲಿಲ್ಲ.

ಟೀ ಕೈಗೆ ಬಂತು. ಗಟ್ಟಿ ಹಾಲು ಎರಡು ಚಮಚ, ಅವಳಿಗೆ ಬೇಕಾದಷ್ಟೇ. ಮರೆತಿಲ್ಲ ಇವನು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಅವಳು ಒಬ್ಬಳೇ ಚೌಕದ ಕಡೆ ನಡೆದಳು. ದಾರಿಯಲ್ಲಿ ಒಂದು ಸೀಲ್ ಪ್ರಾಣಿಯ ಹೆಣ ಬಿದ್ದಿತ್ತು. ಯಾವ ಕಾಲದಲ್ಲೋ ಸಮುದ್ರದ ದಾರಿ ತಪ್ಪಿ ಇಲ್ಲಿಗೆ ತೆವಳಿ ಬಂದು ಸತ್ತದ್ದು. ಕೊಳೆಯಲಿಲ್ಲ, ಒಣಗಿತು ಅಷ್ಟೆ. ಚರ್ಮ ಹಳೇ ಚೀಲದಂತೆ ಎಲುಬಿಗಂಟಿತ್ತು. ಅದರ ಬರಿದಾದ ಕಣ್ಣಿನ ಗುಳಿಗಳು ನೇರವಾಗಿ ಚೌಕವನ್ನೇ ನೋಡುತ್ತಿದ್ದವು.

ಇಪ್ಪತ್ತು ವರ್ಷದ ಹಿಂದೆ ಅವಳ ಗುರುಗಳು ಕಲ್ಲು ಜೋಡಿಸಿ ಗುರುತು ಮಾಡಿದ ಜಾಗ ಅದು. ಒಂದು ದೊಡ್ಡ ಬಂಡೆಯ ಬುಡದಲ್ಲಿ, ಅಗಲ ಎರಡು ಮಾರು. ಅದರೊಳಗೆ ಯಾರೂ ಕಾಲಿಡಬಾರದು. ಮಳೆ ಎಂಬುದನ್ನೇ ಕಾಣದ, ಕಲ್ಲೂ ಬಿರಿಯುವ ಚಳಿಯ ಈ ಮರಳಿನಲ್ಲೂ ಕಣ್ಣಿಗೆ ಕಾಣದ ಬೂಷ್ಟುಗಳು ಬದುಕಿವೆ, ಬಗೆಬಗೆಯವು. ಮನುಷ್ಯ ಓಡಾಡಿದ ಕಡೆಯೆಲ್ಲ ಅವನ ಜತೆ ಬಂದ ಬೂಷ್ಟು ಸೇರಿಕೊಳ್ಳುತ್ತದೆ, ಉಪ್ಪಿನಕಾಯಿ ಜಾಡಿಗೆ ಒದ್ದೆ ಚಮಚ ಹಾಕಿದ ಹಾಗೆ. ಮನುಷ್ಯ ಮುಟ್ಟದ ಮಣ್ಣು ಹೇಗಿರುತ್ತದೆಂದು ತಿಳಿಯಲು ಈ ಚೌಕ ಒಂದೇ ಇತ್ತು. ಐದು ವರ್ಷಕ್ಕೊಮ್ಮೆ, ಹೊರಗೆ ಮಂಡಿಯೂರಿ, ಉದ್ದ ಹಿಡಿಯ ಚಮಚದಲ್ಲಿ ಮೂಲೆಯಿಂದ ಚಿಟಿಕೆ ಮಣ್ಣು ತೆಗೆಯಬೇಕು. ಗುರುಗಳು ತೀರಿಕೊಂಡ ಮೇಲೆ ಚೌಕ ಅವಳ ಪಾಲಿಗೆ ಬಂದಿತ್ತು.

ಅವಳು ಮಂಡಿಯೂರಿದಳು. ಚಮಚ ಕೈಯಲ್ಲೇ ನಿಂತಿತು.

ಚೌಕದ ನಡುವೆ ಒಂದು ಹೆಜ್ಜೆ ಗುರುತು.

ಬೂಟಿನದಲ್ಲ. ಬರಿಗಾಲು. ಹಿಮ್ಮಡಿ, ಪಾದದ ಬಾಗು, ಐದು ಬೆರಳು. ಹೋದ ಹೆಜ್ಜೆಯಿಲ್ಲ, ಬಂದ ಹೆಜ್ಜೆಯಿಲ್ಲ. ಆಕಾಶದಿಂದ ಇಳಿದು ಒಂದೇ ಕಾಲೂರಿ ಮತ್ತೆ ಹೊರಟುಹೋದ ಹಾಗೆ. ಬೆರಳುಗಳು ಅವಳ ಡೇರೆಯ ಕಡೆ ಮುಖಮಾಡಿದ್ದವು.

ಗಾಳಿ ಬೀಸಿತು. ಸುತ್ತಲಿನ ಮರಳು ಸರಿಯಿತು. ಆ ಹೆಜ್ಜೆಯೊಳಗಿನ ಮರಳು ಮಾತ್ರ ಅಲುಗಲಿಲ್ಲ, ಹೆಪ್ಪುಗಟ್ಟಿದ ಮೊಸರಿನಂತೆ ಹಿಡಿದುಕೊಂಡೇ ಇತ್ತು.

"ಫರ್ಗಸ್!"

ಕುಂಟುತ್ತ ಓಡಿ ಬಂದ. ನೋಡಿದ. ಅವನ ಮುಖದ ಬಣ್ಣ ಇಳಿಯಿತು. "ಗಾಳಿ ಜೋರಾಗ್ತಿದೆ. ಡೇರೆಗೆ ನಡಿ," ಎಂದಷ್ಟೇ ಹೇಳಿದ.

ಅವಳು ಹೊರಗಿನಿಂದಲೇ ಚಮಚ ಚಾಚಿ ಹೆಜ್ಜೆಯ ಅಂಚಿನಿಂದ ಒಂದು ಚಿಟಿಕೆ ತೆಗೆದುಕೊಂಡೇ ಎದ್ದಳು.

ಸಂಜೆಯ ರೇಡಿಯೊ ಹೊತ್ತಿಗೆ ಬಿಸಿಲು ಬೆಟ್ಟದ ಮೇಲೆ ಹಾಗೇ ಕೂತಿತ್ತು. ಈ ತಿಂಗಳು ಅದು ಮುಳುಗುವುದಿಲ್ಲ. ಮುಖ್ಯ ನೆಲೆಯಿಂದ ಬೆವ್ ಆಂಟಿಯ ದನಿ ಕರಕರ ಎಂದಿತು. ಇಪ್ಪತ್ತು ಬೇಸಿಗೆ ರೇಡಿಯೊ ನೋಡಿಕೊಂಡವಳು, ಎಲ್ಲರ ಗುಟ್ಟೂ ಬಲ್ಲವಳು.

"ಇಬ್ಬರೂ ಬದುಕಿದ್ದೀರೇನ್ರೋ? ಇಲ್ಲ ಒಬ್ಬರನ್ನೊಬ್ಬರು ಕೊಂದುಕೊಂಡ್ರಾ?"

"ಆಂಟಿ, ಕಳೆದ ಸಲ ನಾನು ಹೋದ ಮೇಲೆ ಈ ಕಣಿವೆಗೆ ಯಾರು ಬಂದಿದ್ರು?"

"ಒಂದು ನರಪಿಳ್ಳೆಯೂ ಇಲ್ಲ. ಯಾಕೆ?"

"ಚೌಕದೊಳಗೆ ಬರಿಗಾಲಿನ ಹೆಜ್ಜೆ ಇದೆ."

"ಪೆಂಗ್ವಿನ್ ಇರಬೇಕು ಕಣೇ."

"ಪೆಂಗ್ವಿನ್‌ಗೆ ಐದು ಬೆರಳಿರಲ್ಲ ಆಂಟಿ."

"ಹಾಗಾದ್ರೆ ನನ್ನನ್ನ ಕೇಳಬೇಡ ಮಗಳೇ. ಡೇರೆ ಬಾಗಿಲು ಗಟ್ಟಿಯಾಗಿ ಕಟ್ಕೋ."

ಅನಾಹೆರಾ ಸಣ್ಣ ಮೈಕ್ರೊಸ್ಕೋಪಿನ ಮೇಲೆ ಬಾಗಿದಳು. ಮರಳಿನ ಕಣಗಳ ನಡುವೆ ಕಪ್ಪು ಎಳೆಗಳು, ಜೇಡ ನೇಯ್ದಂತೆ. ಪ್ರತಿ ಎಳೆಯೂ ಒಂದು ಚೂರನ್ನು ಸುತ್ತಿ ಹಿಡಿದಿತ್ತು. ತೆಳ್ಳನೆಯ, ಪಾರದರ್ಶಕ ಚೂರು. ಮನುಷ್ಯನ ಚರ್ಮ.

ತಲೆಯೆತ್ತಿದಾಗ ಫರ್ಗಸ್ ಅವಳನ್ನು ನೋಡುತ್ತಿರಲಿಲ್ಲ. ತನ್ನ ಎಡ ಬೂಟನ್ನು ನೋಡುತ್ತಿದ್ದ.

"ಬೂಟು ಬಿಚ್ಚು," ಎಂದಳು.

ಬಿಚ್ಚಿದ. ಕಾಲುಚೀಲವನ್ನೂ ತೆಗೆದ. ಎಡಗಾಲಿನ ಕೊನೆಯ ಎರಡು ಬೆರಳು ಇರಲಿಲ್ಲ.

"ಆದ್ರೆ ಹೆಜ್ಜೆಯಲ್ಲಿ ಐದೂ ಇವೆಯಲ್ಲ."

"ಅವತ್ತು ಐದೂ ಇದ್ದವು ಅನಾ."

ಅವಳ ಕೈ ತಾನಾಗಿ ತಲೆಯ ಮೇಲಿನ ಉಣ್ಣೆಯ ಕೆಂಪು ಟೊಪ್ಪಿಗೆ ಹೋಯಿತು. ಕಳೆದ ಸಲದ ಕೊನೆಯ ದಿನ ಗಾಳಿ ಅದನ್ನು ಹಾರಿಸಿಕೊಂಡು ಹೋಗಿತ್ತು. ಅಜ್ಜಿ ಹೆಣೆದದ್ದು. ಅದೇ ವಾರ ಊರಲ್ಲಿ ಅಜ್ಜಿ ತೀರಿಹೋಗಿದ್ದಳು, ಮಣ್ಣಿಗೂ ಇವಳು ಇರಲಿಲ್ಲ. ಎರಡು ಗಂಟೆ ಅತ್ತು ಡೇರೆಯಿಂದ ಹೊರಬಂದರೆ ಟೊಪ್ಪಿ ಗೂಟಕ್ಕೆ ನೇತಾಡುತ್ತಿತ್ತು.

"ಚೌಕದ ನಡುವೆ ಬಿದ್ದಿತ್ತು," ಎಂದ ಫರ್ಗಸ್. "ಬೂಟಿನ ಅಡಿಯಲ್ಲಿ ಬೇರೆ ಕಡೆಯ ಮಣ್ಣಿರುತ್ತೆ, ತೊಳೆಯದೆ ಎಲ್ಲೂ ಕಾಲಿಡಬೇಡ ಅಂತ ನೀನು ದಿನಾ ಬೈತಿದ್ದೆ. ಅದಕ್ಕೆ ಬರಿಗಾಲು ಚೊಕ್ಕ ಅಂದ್ಕೊಂಡೆ. ಬಂಡೆಯಿಂದ ಹಾರಿ, ಒಂದೇ ಕಾಲೂರಿ, ಟೊಪ್ಪಿ ಎತ್ಕೊಂಡು ಆಚೆ ನೆಗೆದೆ. ಅಷ್ಟರಲ್ಲಿ ಗಾಳಿ ಕಾಲುಚೀಲ ಹಾರಿಸ್ತು. ಇಲ್ಲಿ ಏನೂ ಬಿಟ್ಟುಹೋಗಬಾರದಲ್ಲ, ಬರಿಗಾಲಿಗೇ ಬೂಟು ಸಿಕ್ಕಿಸಿ ಗಂಟೆಗಟ್ಟಲೆ ಹುಡುಕಿದೆ. ಎರಡು ಬೆರಳು ಆ ಚಳಿಗೇ ಹೋದ್ವು."

"ಹೆಡ್ಡ. ಚರ್ಮದಲ್ಲಿ ಬೂಟಿಗಿಂತ ಹೆಚ್ಚು ಬೂಷ್ಟಿರುತ್ತೆ."

"ಗೊತ್ತು. ಅವತ್ತು ಊಟದ ಹೊತ್ತಲ್ಲಿ ನೀನೇ ಹೇಳಿದೆ. ಭೂಮಿ ಮೇಲೆ ಮನುಷ್ಯ ಮುಟ್ಟದ ಇಷ್ಟಗಲ ಜಾಗ ಒಂದಿದೆ, ಅದು ನನ್ನ ಪಾಲಿಗೆ ಬಂದಿದೆ ಅಂತ. ಏನು ಹೊಳೀತಿತ್ತು ನಿನ್ನ ಕಣ್ಣು! ಪ್ರೀತಿ ಹೇಳಬೇಕು ಅಂತ ಕೂತಿದ್ದೆ. ಇದನ್ನ ಮುಚ್ಚಿಟ್ಟು ಅದನ್ನ ಹೇಗೆ ಹೇಳ್ಲಿ? ಎರಡನ್ನೂ ನುಂಗ್ಕೊಂಡು ಹೋದೆ."

ಡೇರೆಯ ಬಟ್ಟೆ ಪಟಪಟ ಬಡಿದುಕೊಂಡಿತು. ಅವಳು ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಅಜ್ಜಿ ತಂದಿಟ್ಟಳು ಅಂದ್ಕೊಂಡಿದ್ದೆ ಕಣೋ," ಎಂದಳು. "ಐದು ವರ್ಷ ಹಾಗೇ ನಂಬಿದ್ದೆ."

"ಇಷ್ಟು ದೊಡ್ಡ ಕಣಿವೆಯಲ್ಲಿ ಅದನ್ನ ನನ್ನ ಕಣ್ಣೆದುರಿಗೇ ಬೀಳಿಸಿದ್ದು ಯಾರು ಅಂತ ನನಗೂ ಗೊತ್ತಿಲ್ಲ," ಎಂದ ಫರ್ಗಸ್.

ಹೆಜ್ಜೆಯನ್ನು ಅಳಿಸಿ ಮೂಲೆಯ ಮಣ್ಣನ್ನಷ್ಟೇ ಒಯ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಅವಳಿಗೆ ಬಂದದ್ದು ಸುಳ್ಳಲ್ಲ. ಗುರುಗಳ ಇಪ್ಪತ್ತು ವರ್ಷ, ತನ್ನ ಹೆಸರು, ಎಲ್ಲ ಉಳಿಯುತ್ತಿತ್ತು. ಅವಳು ಚೌಕದ ದಾಖಲೆ ಪುಸ್ತಕ ತೆರೆದಳು. ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು. ಪೆನ್ಸಿಲ್ ತೆಗೆದು ಬರೆದಳು: ಮನುಷ್ಯ ಕಾಲಿಟ್ಟಿದ್ದಾನೆ. ಎಡಗಾಲು, ಒಂದು ಹೆಜ್ಜೆ.

"ಯಾರು ಅಂತ ಬರಿ," ಎಂದ ಫರ್ಗಸ್. "ಕೆಲಸ ಹೋದ್ರೆ ಹೋಗ್ಲಿ."

ಪುಸ್ತಕ ಅವನತ್ತ ಸರಿಸಿದಳು. ಅವನೇ ಸಹಿ ಹಾಕಿದ.

"ಎಲ್ಲ ಹಾಳಾಯ್ತಲ್ಲ ಅನಾ?"

"ಯಾರೂ ಮೆಟ್ಟದ ಚೌಕ ಹೋಯ್ತು. ಅದು ಇನ್ನು ಬರಲ್ಲ." ಅವಳು ಕಣ್ಣೊರೆಸಿಕೊಂಡು ಮೈಕ್ರೊಸ್ಕೋಪನ್ನು ಅವನ ಮುಂದಿಟ್ಟಳು. "ಇಲ್ನೋಡು. ಈ ಕಪ್ಪು ಎಳೆಗಳು ನಿನ್ನ ಜತೆ ಬಂದವಲ್ಲ, ಇಲ್ಲಿಯವೇ. ಎಷ್ಟು ಕಾಲದಿಂದ ಮಲಗಿದ್ದವೋ. ನಿನ್ನ ಹಿಮ್ಮಡಿಯ ಒಂದು ಚೂರು ಸಿಕ್ಕಿದ್ದೇ ಎದ್ದು, ಅದನ್ನ ತಿಂದು, ನಿನ್ನ ಹೆಜ್ಜೆಯನ್ನ ಗಾಳಿಗೆ ಕೊಡದೆ ಹಿಡ್ಕೊಂಡಿವೆ."

ಅವನು ಕಣ್ಣಿಟ್ಟು ನೋಡಿ ಸಣ್ಣಗೆ ಬೆಚ್ಚಿದ. "ನನ್ನನ್ನ ತಿಂತಾ ಇವೆಯಾ?"

"ಇನ್ನೂ ಮುಗಿಸಿಲ್ಲ."

ಮತ್ತೆ ಹೊರಗೆ ಹೋದರು. ಸೀಲ್ ತನ್ನ ಗುಳಿಗಣ್ಣುಗಳಿಂದ ನೋಡುತ್ತಲೇ ಇತ್ತು. ಕಲ್ಲಿನ ಸಾಲಿನ ಹೊರಗೆ ಇಬ್ಬರೂ ಭುಜ ತಾಗಿಸಿ ಕೂತರು. ಅವನ ಕಿವಿ ಕೆಂಪಾಗಿತ್ತು. ಅವಳು ಅಜ್ಜಿಯ ಟೊಪ್ಪಿಯನ್ನು ಅವನ ತಲೆಗೆ ಎಳೆದು ಹಾಕಿದಳು.

"ಇದು ಏನಾಗುತ್ತೋ ನೋಡೋಕೆ ಐದು ವರ್ಷಕ್ಕೊಮ್ಮೆ ಬರಲೇಬೇಕು," ಎಂದಳು. "ಕಾಲು ನಿನ್ನದು, ಜತೆಗೆ ನೀನೂ ಬರಬೇಕು."

"ನಡುವಿನ ಐದು ವರ್ಷ?"

"ನನ್ನ ಮೂರು ಕಾಗದಕ್ಕೆ ಉತ್ತರ ಬಾಕಿ ಇದೆ. ಮನೆಗೆ ಬಂದು ಬಾಯಲ್ಲೇ ಹೇಳು."

ಅವನ ಕೈ ಅವಳ ಕೈಗವಸಿನೊಳಗೆ ದಾರಿ ಹುಡುಕಿಕೊಂಡು ಬಂತು. ಗಾಳಿ ಬೀಸಿತು, ಸುತ್ತಲಿನ ಮರಳೆಲ್ಲ ಸರಿಯಿತು. ನಡುವೆ ಆ ಐದು ಬೆರಳು ಮಾತ್ರ, ಬೆಳಿಗ್ಗೆ ಇದ್ದಂತೆಯೇ, ಅವಳ ಡೇರೆಯ ಕಡೆ ಮುಖಮಾಡಿ ನಿಂತಿದ್ದವು.