ಕೆರೆ ಓಣಿಯ ಅರವತ್ತೆಂಟು ನಮೂನೆಗಳು

2004ರ ಮೇ 19, ಬುಧವಾರ. ಪಿಎಸ್‌ಐ ಚನಬಸಪ್ಪ ಹೂಲಿ ಬೆಳಗಿನಿಂದ ಒಂದೇ ಕೆಲಸದಲ್ಲಿ ಮುಳುಗಿದ್ದರು. ಚುನಾವಣೆ ಮುಗಿದು ಫಲಿತಾಂಶವೂ ಬಂದಾಗಿತ್ತು. ಮಾರ್ಚ್ ತಿಂಗಳಲ್ಲಿ ಠಾಣೆಯಲ್ಲಿ ಇಡಿಸಿಕೊಂಡಿದ್ದ ಲೈಸೆನ್ಸ್ ಬಂದೂಕುಗಳನ್ನು ರೈತರಿಗೆ ಮರಳಿಸಬೇಕಿತ್ತು. ಬಂದೂಕಿನ ನಂಬರು ನೋಡುವುದು, ರಿಜಿಸ್ಟರಿನಲ್ಲಿ ಸಹಿ ಪಡೆಯುವುದು, ಮುಂದಿನವರನ್ನು ಕರೆಯುವುದು. ಹಳಿಯಾಳ ಠಾಣೆಯ ಅಂಗಳ ಖಾಲಿಯಾಗುವಾಗ ಸಂಜೆ ಆರು ದಾಟಿತ್ತು.

ಆರು ಗಂಟೆ ಹತ್ತು ನಿಮಿಷಕ್ಕೆ ಇಬ್ಬರು ಹೆಂಗಸರು ಬಂದರು. ಮುಂದೆ ಬಂದವರು ಧಾರವಾಡದ ಸಂಶೋಧಕಿ ವಸುಧಾ ಕಟ್ಟಿ. ಅವರ ಹಿಂದೆ, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ನಿಂತವಳು ಲೂಸಿ. ಸಾಂಬ್ರಾಣಿಯ ಸಿದ್ದಿ ಮನೆತನದ ಹುಡುಗಿ, ಪಿಯುಸಿ ಓದಿದವಳು. ವಸುಧಾ ಅವರ ಸಮೀಕ್ಷೆಗೆ ಮನೆಮನೆ ತಿರುಗಿ ಉತ್ತರ ಬರೆದುಕೊಳ್ಳುವ ಕೆಲಸ ಅವಳದು.

"ಏನ ಕಳುವಾತು?" ಚನಬಸಪ್ಪ ಕೇಳಿದರು.

"ಕಾಗದ," ಎಂದರು ವಸುಧಾ.

ಸಾಂಬ್ರಾಣಿಯಲ್ಲಿ ಯಲ್ಲವ್ವ ಎಂಬ ಮುದುಕಿಯ ಮನೆಯ ಮುಂದಿನ ಕೋಣೆಯನ್ನು ಅವರು ಬಾಡಿಗೆಗೆ ಹಿಡಿದಿದ್ದರು. ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಕೋಣೆಗೆ ಬೀಗ ಹಾಕಿ ಮುಂಡಗೋಡ ಕಡೆಯ ಚಿಗಳ್ಳಿಗೆ ಹೋಗಿದ್ದರು. ಐದಕ್ಕೆ ತಿರುಗಿ ಬಂದಾಗ ಬೀಗ ಹಾಕಿದಂತೆಯೇ ಇತ್ತು. ಕ್ಯಾಮೆರಾ, ಟೇಪ್ ರೆಕಾರ್ಡರ್ ಇದ್ದಲ್ಲಿಯೇ ಇದ್ದವು. ನೀಲಿ ಬಟ್ಟೆಯ ಕಟ್ಟು, ಹಸಿರು ಬಟ್ಟೆಯ ಕಟ್ಟು ಇದ್ದವು. ಕೆಂಪು ಬಟ್ಟೆಯ ಕಟ್ಟು ಮಾತ್ರ ಇರಲಿಲ್ಲ. ಅದರಲ್ಲಿ ಸಾಂಬ್ರಾಣಿಯ ಕೆರೆ ಓಣಿಯ ಅರವತ್ತೆಂಟು ಮನೆಗಳ ಹೆಂಗಸರು ಕೊಟ್ಟ ಉತ್ತರಗಳ ನಮೂನೆಗಳಿದ್ದವು, ಮನೆಗೊಂದು ಹಾಳೆ.

ಎಂಥ ಉತ್ತರಗಳು ಎಂದು ಚನಬಸಪ್ಪ ಕೇಳಿದಾಗ ವಸುಧಾ ಹೇಳಿದರು. ಸಮೀಕ್ಷೆ ಇದ್ದದ್ದು ಮನೆಯಲ್ಲಿರುವ ಬಂದೂಕಿನ ಬಗ್ಗೆ. ಜನವರಿಯಲ್ಲಿ ಮನೆಯ ಯಜಮಾನರನ್ನು ಕೇಳಿದಾಗ ಕೆರೆ ಓಣಿಯಲ್ಲಿ ಮೂರೇ ಬಂದೂಕುಗಳಿವೆ, ಮೂರಕ್ಕೂ ಲೈಸೆನ್ಸ್ ಇದೆ ಎಂಬ ಉತ್ತರ ಬಂದಿತ್ತು. ಏಪ್ರಿಲ್‌ನಲ್ಲಿ ಹೆಂಗಸರನ್ನು ಬೇರೆಯಾಗಿ ಕೂರಿಸಿ ಕೇಳಿದಾಗ ಲೆಕ್ಕ ಹತ್ತೊಂಬತ್ತಕ್ಕೆ ಏರಿತು. ಅವರ ಸಂಸ್ಥೆಯೊಳಗೇ ಜಗಳ ಎದ್ದಿತ್ತು. ಯಜಮಾನನ ಉತ್ತರವೇ ಮನೆಯ ಉತ್ತರ, ಹೆಂಗಸರು ಹೆಚ್ಚು ಮಾಡಿ ಹೇಳಿದ್ದಾರೆ ಎನ್ನುವುದು ಹಿರಿಯರ ವಾದ. ಹೆಂಗಸರು ಹೇಳಿದ್ದೇ ನಿಜ ಎನ್ನುವುದು ವಸುಧಾ ಅವರ ವಾದ.

"ಆ ಕಟ್ಟು ಸಿಗಲಿಲ್ಲ ಅಂದ್ರ ಗಂಡಸರ ಉತ್ತರನ ಉಳೀತದ," ಎಂದರು ವಸುಧಾ. "ಆದ್ರ ಒಂದು ಮಾತು. ಸಿಕ್ಕರ ನೀವು ಓದಬಾರದು. ಯಾರಿಗೂ ತೋರಸೂದಿಲ್ಲ ಅಂತ ಆ ಹೆಂಗಸರಿಗೆ ಮಾತು ಕೊಟ್ಟೇವಿ."

ಮನೆಯೊಳಗಿನ ಕಳವು ಎಂದು ಅಪರಾಧ ಸಂಖ್ಯೆ 47ರಲ್ಲಿ ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೇಬಲ್ ಮುದಕಪ್ಪನಿಗೆ ಲೂಸಿಯ ಮೇಲೆಯೇ ಸಂಶಯ. ಎಲ್ಲವೂ ಗೊತ್ತಿರುವವಳು ಅವಳೇ, ಸ್ವಲ್ಪ ಗದರಿಸಿದರೆ ಬಾಯಿಬಿಡುತ್ತಾಳೆ ಎಂದ. ಚಿಗಳ್ಳಿಯಲ್ಲಿದ್ದವಳು ಸಾಂಬ್ರಾಣಿಯಲ್ಲಿ ಹೇಗೆ ಕದಿಯುತ್ತಾಳೆ ಎಂದು ಚನಬಸಪ್ಪ ಕೇಳಿದ ಮೇಲೆ ಸುಮ್ಮನಾದ. ಆದರೂ ಅವರು ಲೂಸಿಯನ್ನು ಕರೆಸಿ ಒಂದು ಪ್ರಶ್ನೆ ಕೇಳಿದರು. ಲೈಸೆನ್ಸ್ ಇಲ್ಲದ ಬಂದೂಕು ಯಾರ ಯಾರ ಮನೆಯಲ್ಲಿವೆ?

"ಹೇಳೂದಿಲ್ರಿ ಸರ್," ಎಂದಳು ಲೂಸಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವರು ನನ್ನ ಮಾರಿ ನೋಡಿ ಹೇಳ್ಯಾರ. ನಾಳೆ ಅದ ಓಣ್ಯಾಗ ನಾ ಅಡ್ಡಾಡಬೇಕು."

ಮೇ 20ರ ಬೆಳಿಗ್ಗೆ ಒಂಬತ್ತಕ್ಕೆ ಸ್ಥಳ ಪಂಚನಾಮೆ ನಡೆಯಿತು. ಹೆಂಚು ಅಲುಗಿರಲಿಲ್ಲ, ಕಿಟಕಿ ಗಟ್ಟಿಯಾಗಿತ್ತು. ಕೋಣೆಯ ಇನ್ನೊಂದು ಕೀಲಿ ಯಲ್ಲವ್ವನ ಅಡುಗೆಮನೆಯೊಳಗೆ, ಮಜ್ಜಿಗೆ ಕಡೆಯುವ ಕಂಬದ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಮುದುಕಿ ಮಧ್ಯಾಹ್ನ ಉಂಡು ಕಟ್ಟೆಯ ಮೇಲೆ ಒರಗಿದರೆ ನಾಲ್ಕರವರೆಗೆ ಏಳುತ್ತಿರಲಿಲ್ಲ. ಹಿತ್ತಲ ಬಾಗಿಲು ತೆರೆದೇ ಇರುತ್ತಿತ್ತು. ಮಜ್ಜಿಗೆಗೆಂದು ಓಣಿಯ ಹೆಂಗಸರು ಬಂದು ಹೋಗುತ್ತಿದ್ದರು.

"ಗಂಡಸರು ಬರ್ತಾರೇನು ಒಳಗ?" ಎಂದು ಮಹಿಳಾ ಕಾನ್‌ಸ್ಟೇಬಲ್ ತುಳಜಾ ಕೇಳಿದಳು. ಮುಂಡಗೋಡದ ತಾಂಡಾದಿಂದ ಬಂದವಳು ಅವಳು, ನೌಕರಿ ಸೇರಿ ಎರಡು ವರ್ಷವಾಗಿತ್ತು.

"ನನ್ನ ಒಲಿ ಮುಂದ ನನ್ನ ಮಗನ್ನೂ ಬಿಡೂದಿಲ್ಲ," ಎಂದಳು ಯಲ್ಲವ್ವ.

ಜೀಪಿನಲ್ಲಿ ತುಳಜಾ ಇನ್ನೊಂದು ಮಾತು ತೆಗೆದಳು. ನಮೂನೆಗಳ ಮೇಲೆ ಯಾರ ಹೆಸರೂ ಇರಲಿಲ್ಲ, ಮನೆಯ ನಂಬರು ಮಾತ್ರ. ಅದೇ ನಂಬರನ್ನು ಲೂಸಿ ಸುಣ್ಣದ ಕಡ್ಡಿಯಿಂದ ಬಾಗಿಲ ಮೇಲೂ ಬರೆದಿದ್ದಳು. ಅಂಕಿ ಓದಲು ಬರುವವರಾಗಿದ್ದರೆ ತಮ್ಮದೊಂದು ಹಾಳೆ ತೆಗೆದುಕೊಂಡು ಉಳಿದದ್ದನ್ನು ಕಟ್ಟಿಡಬಹುದಿತ್ತು, ಕಳುವಾದದ್ದೇ ಗೊತ್ತಾಗುತ್ತಿರಲಿಲ್ಲ. ಇಡೀ ಕಟ್ಟನ್ನೇ ಒಯ್ದವಳಿಗೆ ಬಟ್ಟೆಯ ಬಣ್ಣವಷ್ಟೇ ಗೊತ್ತು. ಹೆಂಗಸರ ಕಣ್ಣೆದುರೇ ಹಾಳೆಯನ್ನು ಕೆಂಪು ಬಟ್ಟೆಗೆ ಸೇರಿಸಿ ಕಟ್ಟುವುದು ಲೂಸಿಯ ರೂಢಿಯಾಗಿತ್ತು.

ಚನಬಸಪ್ಪ ತಲೆಯಾಡಿಸಿದರು. ಆದರೆ ಕೆರೆ ಓಣಿಯಲ್ಲಿ ಓದು ಬಾರದ ಹೆಂಗಸರು ನಲವತ್ತಕ್ಕೂ ಹೆಚ್ಚು. ಅಂದು ಮಧ್ಯಾಹ್ನವಿಡೀ ಓಣಿ ತಿರುಗಿದರು. ಗಂಡಸರೆಲ್ಲ ಮೂರು ಬಂದೂಕಿನ ಮಾತನ್ನೇ ಹೇಳಿದರು. ಕಾಡುಹಂದಿ ಒಂದೇ ರಾತ್ರಿಯಲ್ಲಿ ಗದ್ದೆ ಹೇಗೆ ಹರಗಿ ಹೋಗುತ್ತದೆ, ಬಂದೂಕಿದ್ದವನಿಗೆ ಓಣಿಯಲ್ಲಿ ಎಂಥ ಮರ್ಯಾದೆ, ಅದನ್ನೂ ಹೇಳಿದರು. ಹೆಂಗಸರು ನೀರು ಕೊಟ್ಟು ಒಳಗೆ ಹೋದರು.

ಠಾಣೆಗೆ ಮರಳಿದಾಗ ಮೇಲಿನ ಕಚೇರಿಯಿಂದ ಒಬ್ಬರ ಫೋನು. ಆ ಕಾಗದ ಸಿಕ್ಕರೆ ಸಂಶೋಧಕಿಗೆ ಕೊಡುವ ಮೊದಲು ಲೈಸೆನ್ಸ್ ಇಲ್ಲದ ಮನೆಗಳ ಪಟ್ಟಿ ಮಾಡಿಕೊಳ್ಳಿ, ಹದಿನಾರು ಕೇಸು ಕೂತಲ್ಲಿಯೇ ಸಿಗುತ್ತವೆ ಎಂದರು. ನೋಡೋಣ ಸರ್ ಎಂದು ಚನಬಸಪ್ಪ ಫೋನಿಟ್ಟರು. ಸಲಹೆ ತಪ್ಪೆಂದು ಅವರಿಗೆ ಪೂರ್ತಿ ಅನ್ನಿಸಿರಲಿಲ್ಲ. ನಾಡಬಂದೂಕು ಸಿಡಿದು ಕೈ ಕಳೆದುಕೊಂಡವರನ್ನು ಅವರು ಕಂಡಿದ್ದರು.

ಮನೆಗೆ ಹೋಗಿ, ಎಂದಿನಂತೆ ಬೆಲ್ಟು ಬಿಚ್ಚಿ ರಿವಾಲ್ವರನ್ನು ಮೇಜಿನ ಮೇಲಿಟ್ಟು ಊಟಕ್ಕೆ ಕುಳಿತರು. ಹೆಂಡತಿ ಮಹಾದೇವಿ ರೊಟ್ಟಿ ಬಡಿಸುತ್ತಿದ್ದಳು. ಸಮೀಕ್ಷೆಯ ಇಪ್ಪತ್ತೊಂದನೆಯ ಪ್ರಶ್ನೆ ಅವರಿಗೆ ನೆನಪಾಯಿತು. ಖಾಲಿ ನಮೂನೆಯೊಂದನ್ನು ವಸುಧಾ ಫೈಲಿಗೆ ಕೊಟ್ಟಿದ್ದರು. ಮನೆಯಲ್ಲಿರುವ ಬಂದೂಕಿನಿಂದ ನಿಮಗೆ ಎಂದಾದರೂ ಭಯವಾಗಿದೆಯೇ? ಅದನ್ನೇ ತಮಾಷೆಯ ದನಿಯಲ್ಲಿ ಹೆಂಡತಿಗೆ ಕೇಳಿದರು.

ಮಹಾದೇವಿ ನಗಲಿಲ್ಲ. ಪಲ್ಯದ ಸೌಟು ಪಾತ್ರೆಯಲ್ಲಿಟ್ಟು ಹೇಳಿದಳು.

"ಅಂಜಿಕಿ ಅಂತ ಏನಿಲ್ಲ. ಅದು ಮೇಜಿನ ಮ್ಯಾಲ ಇದ್ದಾಗ ನಾ ನಿಮ್ಮ ಕೂಡ ಯಾವ ವಾದಾನೂ ತಗಿಯೂದಿಲ್ಲ, ಅಷ್ಟ."

"ಹದಿನಾಲ್ಕ ವರ್ಷದಾಗ ಒಮ್ಮೆಯೂ ಹೇಳಲಿಲ್ಲಲ್ಲ?"

"ನೀವು ಕೇಳಲಿಲ್ಲ."

ಚನಬಸಪ್ಪ ಎದ್ದು ರಿವಾಲ್ವರನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಬಂದರು. ತಟ್ಟೆಯಲ್ಲಿನ ರೊಟ್ಟಿ ತಣ್ಣಗಾಗಿತ್ತು. ಬಂದೂಕು ಎದುರಿಗಿದ್ದಾಗ ಆಡದ ಮಾತು ಅದು ಇಲ್ಲದಾಗ ಬಾಯಿಗೆ ಬರುತ್ತದೆ ಎಂಬ ಯೋಚನೆ ಆಗ ಹೊಳೆಯಿತು. ಕೆರೆ ಓಣಿಯ ಹೆಂಗಸರನ್ನು ಕೇಳಿದ್ದು ಏಪ್ರಿಲ್‌ನಲ್ಲಿ. ಲೈಸೆನ್ಸ್ ಇಲ್ಲದ ಹದಿನಾರು ಬಂದೂಕುಗಳು ಆಗಲೂ ಮನೆಗಳಲ್ಲೇ ಇದ್ದವು. ಆ ಮನೆಗಳಲ್ಲಿ ಅಂದಿನಿಂದ ಇಂದಿಗೆ ಏನೂ ಬದಲಾಗಿಲ್ಲ. ಲೈಸೆನ್ಸ್ ಇದ್ದ ಮೂರು ಮಾತ್ರ ಆಗ ಠಾಣೆಯ ಕೋಣೆಯಲ್ಲಿದ್ದವು.

ಬೆಳಿಗ್ಗೆ ಎಂಟಕ್ಕೇ ಠಾಣೆಗೆ ಹೋಗಿ ರಿಜಿಸ್ಟರ್ ತೆರೆದರು. ಕೆರೆ ಓಣಿಯ ಮೂರೂ ಬಂದೂಕುಗಳು 19ನೆಯ ತಾರೀಕು, ಕಟ್ಟು ಕಳುವಾದ ದಿನವೇ, ಮರಳಿದ್ದವು. ಮೂರೂ ಸಾಲಿನ ಕೆಳಗೆ ಚನಬಸಪ್ಪನವರದೇ ಸಹಿ. ಮೊದಲನೆಯವರ ಹೆಂಡತಿ ಪಂಚಾಯತಿ ಸದಸ್ಯೆ, ಪತ್ರಿಕೆ ಓದುವಾಕೆ. ಎರಡನೆಯವರ ಮನೆಯಲ್ಲಿದ್ದ ಒಬ್ಬಳೇ ಹೆಂಗಸು, ಸೊಸೆ, ಏಳನೆಯ ತರಗತಿ ಮುಗಿಸಿದ್ದಳು. ಮೂರನೆಯ ಹೆಸರು ಸಾತಪ್ಪನದು. ಅವನ ಹೆಂಡತಿ ಗೋದುಬಾಯಿ ಮತಗಟ್ಟೆಯಲ್ಲಿ ಹೆಬ್ಬೆಟ್ಟು ಒತ್ತುವವಳೆಂದು ಮುದಕಪ್ಪ ವಿಚಾರಿಸಿ ತಂದ.

ಮೇ 21, ಬೆಳಿಗ್ಗೆ ಹನ್ನೊಂದು. ಇಬ್ಬರು ಪಂಚರೊಡನೆ ಅವರು ಸಾತಪ್ಪನ ಮನೆಗೆ ಹೋದರು. ಸಾತಪ್ಪ ಐವತ್ತರ ಆಸುಪಾಸಿನ ಮಿತಭಾಷಿ. ಜಮಖಾನ ಹಾಸಿ ಕೂರಿಸಿದ. ಗೋಡೆಯ ಗೂಟಕ್ಕೆ ಬಂದೂಕು ತೂಗುಬಿದ್ದಿತ್ತು, ಎಣ್ಣೆ ಸವರಿ ಒರೆಸಿದ ಹೊಳಪು. ಪಡಸಾಲೆಯ ಮೂಲೆಯಲ್ಲಿ ಗೋದುಬಾಯಿ ಹಳೆಯ ಸೀರೆಗಳನ್ನು ಹಾಸಿ ಕೌದಿ ಹೊಲಿಯುತ್ತಿದ್ದಳು. ಪೊಲೀಸರನ್ನು ಕಂಡರೂ ಸೂಜಿ ನಿಲ್ಲಲಿಲ್ಲ.

ತುಳಜಾ ಹೋಗಿ ಪಕ್ಕದಲ್ಲಿ ಕುಳಿತಳು. ಎಷ್ಟು ದಿನದಿಂದ ಹೊಲಿಯುತ್ತಿದ್ದೀರಿ ಎಂದು ಕೇಳಿದಳು. ನಿನ್ನೆಯಿಂದ ಎಂದಳು ಗೋದುಬಾಯಿ. ತುಳಜಾ ಕೌದಿಯ ಮೇಲೆ ಅಂಗೈ ಊರಿದಾಗ ಒಳಗೆ ಸರಸರ ಸದ್ದಾಯಿತು.

"ಅಕ್ಕಾ, ಇದು ಅರಿವಿ ಸಪ್ಪಳ ಅಲ್ಲ," ಎಂದಳು ಮೆಲ್ಲಗೆ.

ಗೋದುಬಾಯಿ ದಾರ ಕಚ್ಚಿ ಹರಿದು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. ಕೌದಿಯನ್ನು ತುಳಜಾಳ ಮಡಿಲಿಗೆ ತಾನೇ ಸರಿಸಿದಳು.

ಚನಬಸಪ್ಪ ಸಾತಪ್ಪನನ್ನು ಮುದಕಪ್ಪನ ಜೊತೆ ಅಂಗಳಕ್ಕೆ ಕಳಿಸಿದರು. ಆಮೇಲೆ ಕೇಳಿದರು.

"ಸುಟ್ಟಬಿಟ್ಟಿದ್ರ ನಮಗ ಸಿಗತಿದ್ದಿಲ್ಲ. ಯಾಕ ಸುಡಲಿಲ್ಲ?"

"ಬ್ಯಾರೆದವರ ಮಾತೂ ಅದರಾಗ ಅದಾವಲ್ರಿ ಸಾಹೇಬ್ರ. ನನ್ನದೊಂದ ಆಗಿದ್ರ ಸುಡತಿದ್ದೆ."

"ನೀವು ಏನ ಹೇಳಿದ್ರಿ ಅಂತ ನಾ ಕೇಳಬೇಕಾಗೇತಿ. ಒತ್ತಾಯ ಇಲ್ಲ."

ಅವಳು ಗೋಡೆಯ ಕಡೆ ನೋಡದೆ ಹೇಳಿದಳು. ಮೂರು ವರ್ಷದ ಹಿಂದೆ, ಮಗಳ ಮದುವೆಯ ವಿಷಯಕ್ಕೆ ಮಾತು ಬೆಳೆದಾಗ ಸಾತಪ್ಪ ಬಂದೂಕಿನ ಬಾಯನ್ನು ಅವಳ ಎದೆಗೆ ಹಿಡಿದಿದ್ದ. ಅದು ಒಮ್ಮೆ ಮಾತ್ರ. ಆಮೇಲೆ ಅದರ ಅಗತ್ಯ ಬೀಳಲಿಲ್ಲ. ಅವಳು ಎದುರಾಡಿದ ದಿನ ಅವನು ಬಂದೂಕು ಇಳಿಸಿ, ಹೊಸ್ತಿಲಲ್ಲಿ ಕುಳಿತು, ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದ. ಏಪ್ರಿಲ್‌ನಲ್ಲಿ ಗೂಟ ಖಾಲಿ ಇತ್ತು, ಲೂಸಿ ಕೇಳಿದಳು, ಇವಳು ಹೇಳಿಬಿಟ್ಟಳು. 19ರಂದು ಮುಂಜಾನೆ ಬಂದೂಕು ತರುತ್ತೇನೆಂದು ಗಂಡ ಹಳಿಯಾಳದ ಬಸ್ಸು ಹತ್ತಿದ ಮೇಲೆ, ಮಧ್ಯಾಹ್ನ ಯಲ್ಲವ್ವ ಒರಗಿದ್ದನ್ನು ನೋಡಿ ಅವಳು ಕೀಲಿ ತೆಗೆದು ಕಟ್ಟು ಒಯ್ದಳು. ಓಣಿಯ ಗಂಡಸರ ಮುಂದೆ ಮೇಡಂ ಆ ಕಾಗದ ಓದುತ್ತಾರಂತೆ ಎಂದು ಯಾರೋ ಆಡಿದ್ದೂ ಕಿವಿಗೆ ಬಿದ್ದಿತ್ತು.

"ಹಂಗಾರ ಬಂದೂಕ ಬ್ಯಾಡ ಅಂತೀರೇನು?"

"ಬೇಕರಿ. ಹಂದಿ ಬರ್ತಾವ. ಆದ್ರ ನಾ ಮಲಗೂ ಮನ್ಯಾಗ ಬ್ಯಾಡ," ಎಂದಳು. "ಆ ಕಾಗದದಾಗೂ ಬಂದೂಕ ಬೇಕೇನು, ಹೌದು ಅಂತೀಯೋ ಅಲ್ಲ ಅಂತೀಯೋ ಅಂತ ಕೇಳಿದ್ರು. ಎರಡೂ ಅಂದೆ. ಲೂಸಿ ಬಾಜೂಕ ಬರಕೊಂಡ್ಲು."

ಪಂಚರ ಮುಂದೆ ಕೌದಿ ಬಿಚ್ಚಿ ಹಾಳೆಗಳನ್ನು ಬರಹ ಕಾಣದಂತೆ ಮಗುಚಿಟ್ಟು ಎಣಿಸಿದರು. ಅರವತ್ತೆಂಟು ಇದ್ದವು. ಲಕೋಟೆಗೆ ಹಾಕಿ ಅರಗಿನ ಮೊಹರು ಒತ್ತಿದರು. ಬರಹವನ್ನು ಓದಿರುವುದಿಲ್ಲ ಎಂದು ಚನಬಸಪ್ಪ ಪಂಚನಾಮೆಯಲ್ಲಿ ತಮ್ಮ ಕೈಯಿಂದಲೇ ಸೇರಿಸಿದರು. ಮೇಲಿನ ಕಚೇರಿಗೆ ಅದೇ ಉತ್ತರ ಸಾಕು, ನ್ಯಾಯಾಲಯಕ್ಕೆ ಸೇರಿದ ಸ್ವತ್ತಿನ ಮೊಹರು ಒಡೆಯಲು ಬರುವುದಿಲ್ಲ. ಲೈಸೆನ್ಸ್ ಅಮಾನತಿಗೆ ಬರೆಯಬಹುದೇ ಎಂದು ಗೋದುಬಾಯಿಯನ್ನು ಕೇಳಿದರು. ಅವಳು ಬರೆಯಿರಿ ಎಂದಳು. ಬಂದೂಕನ್ನು ಸಾತಪ್ಪ ತಾನೇ ಗೂಟದಿಂದ ಇಳಿಸಿ ಮುದಕಪ್ಪನಿಗೆ ಒಪ್ಪಿಸಿದ.

"ನಾ ಆಕಿ ಮ್ಯಾಲ ಎಂದೂ ಕೈ ಮಾಡಿಲ್ರಿ," ಎಂದ. "ಊರಾಗ ಯಾರನ್ನ ಬೇಕಾದ್ರೂ ಕೇಳ್ರಿ."

ಅವನ ಮಾತು ಸುಳ್ಳಾಗಿರಲಿಲ್ಲ. ಚನಬಸಪ್ಪ ಬಂದೂಕಿನ ನಂಬರು ಬರೆದುಕೊಂಡರು.

ಹನ್ನೆರಡೂ ನಲವತ್ತಕ್ಕೆ ತುಳಜಾ ಗೋದುಬಾಯಿಯನ್ನು ದಸ್ತಗಿರಿ ಮಾಡಿದಳು. ಸುದ್ದಿ ತಿಳಿದು ವಸುಧಾ ಮತ್ತು ಲೂಸಿ ಜೀಪಿನ ಬಳಿಗೆ ಬಂದಿದ್ದರು. ಜಾಮೀನಿಗೆ ತಮ್ಮ ತಕರಾರಿಲ್ಲವೆಂದು ವಸುಧಾ ಬರೆದುಕೊಟ್ಟರು. ಗೋದುಬಾಯಿ ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಲೂಸಿಯ ಕಡೆ ತಿರುಗಿದಳು.

"ನನ್ನಂಗ ಹೇಳಿದವರು ಮತ್ತ ಯಾರರ ಅದಾರೇನ?"

ಲೂಸಿ ವಸುಧಾರ ಮುಖ ನೋಡಿದಳು. ಹೆಸರು ಹೇಳಬಾರದು, ಲೆಕ್ಕ ಹೇಳಬಹುದು ಎಂದರು ವಸುಧಾ.

"ನಿಮ್ಮನ್ನ ಬಿಟ್ಟು ಇನ್ನೂ ಹತ್ತ ಮಂದಿ," ಎಂದಳು ಲೂಸಿ.

"ನಮ್ಮ ಓಣ್ಯಾಗ?"

"ಇದ ಓಣ್ಯಾಗ."

ಗೋದುಬಾಯಿ ಸಾಲಾಗಿ ನಿಂತ ಬಾಗಿಲುಗಳನ್ನು ನೋಡಿದಳು. ಕೆಲವು ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ಯಾರೂ ಒಳಗೆ ಹೋಗಲಿಲ್ಲ. ಅವಳು ಜೀಪು ಹತ್ತಿ ತುಳಜಾಳ ಪಕ್ಕದಲ್ಲಿ ಕುಳಿತಳು.

ಮಧ್ಯಾಹ್ನ ಮೂರಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು, ಜಾಮೀನು ಸಿಕ್ಕಿತು. ಠಾಣೆಗೆ ಬಂದು ಚನಬಸಪ್ಪ ಕೇಸ್ ಡೈರಿ ಬರೆಯಲು ಕುಳಿತರು. ಕೃತ್ಯದ ಉದ್ದೇಶ ಎಂಬಲ್ಲಿ ಮೊದಲು 'ಗಂಡನ ಭಯದಿಂದ' ಎಂದು ಬರೆದರು. ಆಮೇಲೆ ಅದರ ಮುಂದೆ ಇಷ್ಟು ಸೇರಿಸಿದರು: 'ಹಾಗೂ ಓಣಿಯಲ್ಲಿ ನಿಜ ಹೇಳಿದವಳು ತಾನೊಬ್ಬಳೇ ಎಂದು ಆರೋಪಿತಳು ತಿಳಿದಿದ್ದರಿಂದ.'