ಪುಟ್ಟಿಗೆ ಓದು ಬರಲ್ಲ ಎಂದವನು

"ಚಿತ್ರದ ಮೇಲಿಂದ ಕೈ ತೆಗೀರಿ ಸರ್!"

ಟೀಚರ್ ಕಾವ್ಯಶ್ರೀ ಕೂಗಿದ ರಭಸಕ್ಕೆ ಹನಗೋಡು ಶಾಲೆಯ ಆ ನಾಲ್ಕನೇ ಕ್ಲಾಸು ಬೆಚ್ಚಿಬಿತ್ತು.

ಎದುರು ಕೂತಿದ್ದವನು ಗಾವಡಗೆರೆಯ ಮೇಷ್ಟ್ರು ರೇಣುಕಾಪ್ರಸಾದ್. ಮಕ್ಕಳಿಗೆ ಓದು ಕಲಿಸುವುದರಲ್ಲೇ ವಿಶೇಷ ತರಬೇತಿ ಕೊಡುವ ಸ್ನಾತಕೋತ್ತರ ಕೋರ್ಸಿಗೆ ಇಬ್ಬರೂ ಸೇರಿದ್ದರು. ಶನಿವಾರ ಮಧ್ಯಾಹ್ನ ಹುಣಸೂರಿನಲ್ಲಿ ತರಗತಿ. ಓದಿನಲ್ಲಿ ಹಿಂದಿರುವ ಒಂದು ಮಗುವಿಗೆ ವರ್ಷವಿಡೀ ಕಲಿಸಬೇಕು. ಕೊನೆಗೆ ಒಬ್ಬರು ಕಲಿಸಿದ ಮಗುವನ್ನು ಇನ್ನೊಬ್ಬರು ಪರೀಕ್ಷಿಸಬೇಕು. ಮಗು ಓದದಿದ್ದರೆ ಟೀಚರೂ ಫೇಲು!

ಕಾವ್ಯಶ್ರೀ ಆರಿಸಿಕೊಂಡಿದ್ದು ಪುಟ್ಟಿಯನ್ನು. ಪುಟ್ಟಿ ಈಗಷ್ಟೇ ಇಡೀ ಪಾಠವನ್ನು ಎಲ್ಲೂ ತಡವರಿಸದೆ ಹೇಳಿದ್ದಳು. ಆದರೆ ಈ ಮಹಾನುಭಾವ ಪುಟದ ಚಿತ್ರವನ್ನು ಅಂಗೈಯಿಂದ ಮುಚ್ಚಿ, ನಡುವಿನ ಒಂದು ಸಾಲು ತೋರಿಸಿ, "ಇದನ್ನ ಓದವ್ವ" ಅಂದಿದ್ದ. ಪುಟ್ಟಿಯ ಬಾಯಿ ಕಟ್ಟಿತು. ಕಣ್ಣಲ್ಲಿ ನೀರು ತುಂಬಿತು.

"ಚಿತ್ರ ನೋಡ್ಕಂಡು ಬಾಯಿಪಾಠ ಒಪ್ಪಿಸ್ತಾವ್ಳೆ ಕಣ್ರೀ ಮೇಡಂ. ಓದಕ್ಕೆ ಬರಲ್ಲ."

"ಮಗು ಮುಂದೇನೇ ಹೇಳ್ತೀರಲ್ಲ, ಮನುಷ್ಯರೇನ್ರೀ ನೀವು? ಎದ್ದೋಗಿ ಇಲ್ಲಿಂದ!"

ಅವನು ವರದಿಯಲ್ಲಿ 'ಓದಲು ಬರುವುದಿಲ್ಲ' ಎಂದು ಬರೆದು, ಸಹಿ ಹಾಕಿಯೇ ಹೋದ.

ಥೂ... ಈ ಮನುಷ್ಯನ ಪಕ್ಕ ಕೂರಲೆಂದೇ ಪ್ರತಿ ಶನಿವಾರ ಕಾಯುತ್ತಿದ್ದೆನಲ್ಲ! ಹೋದ ತಿಂಗಳು ಅವನು ಕಲಿಸಿದ ಚಂದುವಿಗೆ ನೂರಕ್ಕೆ ನೂರು ಕೊಟ್ಟೆನಲ್ಲ! ಅವನು ಪಾಸಾಗಬೇಕು, ನಾನು ಫೇಲಾಗಬೇಕು... ಅಷ್ಟೇ ತಾನೇ ಅವನಿಗೆ ಬೇಕಿದ್ದದ್ದು?

ಅವನ ನಂಬರನ್ನು ಬ್ಲಾಕ್ ಮಾಡಿದಳು. ಕೋಪ ಇಳಿಯಲಿಲ್ಲ.

ಗುರುವಾರ ಹಟಕ್ಕೆ ಬಿದ್ದು, ಪಾಠದ ಪದಗಳನ್ನು ಬಿಡಿಬಿಡಿ ಚೀಟಿಗಳಲ್ಲಿ ಬರೆದು ಪುಟ್ಟಿಯ ಮುಂದೆ ಹರಡಿದಳು. ಹನ್ನೆರಡು ಚೀಟಿಗಳಲ್ಲಿ ಪುಟ್ಟಿ ಓದಿದ್ದು ಎರಡನ್ನೇ.

"ಎಲ್ಲಾರೂ ಒಟ್ಟಿಗೆ ಹೇಳ್ವಾಗ ನಂಗೂ ಬತ್ತದೆ ಮಿಸ್..." ಎಂದು ಅತ್ತುಬಿಟ್ಟಳು.

ಕಾವ್ಯಶ್ರೀಗೆ ತನ್ನ ಮೇಲೇ ಸಿಟ್ಟು ಉಕ್ಕಿತು. ದಿನಾ ಇಡೀ ಕ್ಲಾಸನ್ನು ಒಕ್ಕೊರಲಿನಲ್ಲಿ ಓದಿಸಿ, ಆ ಗದ್ದಲದಲ್ಲಿ ಪುಟ್ಟಿಯ ದನಿ ಕೇಳಿ ಹಿಗ್ಗಿದವಳು ತಾನೇ ಅಲ್ಲವೇ? ಹಾಗಂತ ಅವನ ಮೇಲಿನ ಸಿಟ್ಟು ಹೋಯಿತೇ? ಎಲ್ಲಿ ಹೋದೀತು!

ಶನಿವಾರ ಹುಣಸೂರಿನ ತರಬೇತಿ ಕೇಂದ್ರದ ಮೆಟ್ಟಿಲ ಮೇಲೇ ಅವನನ್ನು ತಡೆದಳು.

"ನೀವು ಬರೆದಿದ್ದು ನಿಜ, ಒಪ್ಕೊಂಡೆ. ಆದ್ರೆ ನನ್ನ ಪುಟ್ಟಿಗೆ ಚಿತ್ರ ಮುಚ್ಚಿದ ನಿಮಗೆ, ನಿಮ್ಮ ಚಂದುಗೆ ಮುಚ್ಚಬೇಕು ಅನ್ನಿಸ್ಲಿಲ್ವಾ? ನಾನು ಕೊಟ್ಟ ನೂರನ್ನ ಸುಮ್ನೆ ಇಸ್ಕೊಂಡ್ರಲ್ಲ!"

ಅವನು ಚೀಲದಿಂದ ಚಂದುವಿನ ವರದಿ ತೆಗೆದು ಕೊಟ್ಟ. ಅವಳು ಕೊಟ್ಟಿದ್ದ ನೂರರ ಮೇಲೆ ಗೀಟು ಎಳೆದಿತ್ತು. ಕೆಳಗೆ ಅವನದೇ ಅಕ್ಷರ: 'ಚಂದು. ಓದಲು ಬರುವುದಿಲ್ಲ.'

"ಪುಟ್ಟಿ ಪರೀಕ್ಷೆ ದಿನ ಸಂಜೇನೇ ಚಂದು ಮನೆಗೋಗಿ ಅಂಗೇ ಓದಿಸ್ದೆ. ಅವ್ನದ್ದೂ ಬಾಯಿಪಾಠಾನೇ ಕಣ್ರೀ. ಇವತ್ತು ಇದನ್ನ ಆಫೀಸಿಗೆ ಕೊಡ್ತೀನಿ. ಮೊದಲು ನಿಮಗೆ ಹೇಳಣ ಅಂದ್ರೆ ಫೋನೇ ಓಗ್ತಿಲ್ಲ."

ಕಾವ್ಯಶ್ರೀ ಆ ವರದಿಯನ್ನು ಇನ್ನೊಮ್ಮೆ ಓದಿದಳು.

"ಅಂದ್ರೆ... ಇಬ್ರೂ ಫೇಲಾ?"

"ಇಬ್ರೂ. ಇನ್ನೊಂದು ವರ್ಷ ಶನಿವಾರ ಶನಿವಾರ ಇಲ್ಲಿಗೇ ಬರ್ಬೇಕು."

"ಅದಕ್ಕೆ ನಗ್ತೀರಲ್ಲ, ನಾಚಿಕೆ ಆಗಲ್ವಾ?"

"ಒಂದು ವರ್ಷ ಸಾಲಲ್ಲ ನಂಗೆ... ಜೀವನ ಪೂರ್ತಿ ನಿಮ್ಮ ಪಕ್ಕ ಕೂರ್ಬೇಕು ಕಾವ್ಯಾ."

ಕಾವ್ಯಶ್ರೀಯ ಕಣ್ಣು ತುಂಬಿ ಬಂತು. ಎಷ್ಟು ಶನಿವಾರ ಕಾದಿದ್ದಳು ಈ ಮಾತಿಗೆ! ಆದರೂ ದನಿ ಮಾತ್ರ ಗದರುವ ದನಿಯೇ.

"ಮೊದಲು ಪುಟ್ಟಿ ಹತ್ರ ತಪ್ಪಾಯ್ತು ಅನ್ನಿ. ಆಮೇಲೆ ಮಿಕ್ಕಿದ್ದು."

"ಸೋಮವಾರಾನೇ ಬತ್ತೀನಿ. ಅಷ್ಟು ಸಾಕಾ?"

"ಸಾಲಲ್ಲ. ಅವಳ ಹತ್ರ ನಾನೂ ಕ್ಷಮೆ ಕೇಳ್ಬೇಕು, ಪ್ರಸಾದ್... ಇಬ್ರೂ ಸೇರೇ ಕೇಳಣ."