ಚಕ್ರಕ್ಕೆ ಕೊಟ್ಟ ಕಲ್ಲು

1961ರ ನವೆಂಬರ್ 14, ಮಂಗಳವಾರ. ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಹೊಳೆಸಾಲು ಮೋಟಾರ್ ಸರ್ವಿಸಿನ ಏಜೆಂಟ ಉಪೇಂದ್ರ ಕಾಮತ ಏದುಸಿರು ಬಿಡುತ್ತ ಭಟ್ಕಳ ಪೊಲೀಸ್ ಠಾಣೆಗೆ ಬಂದ. ತೆಂಗಿನಗುಂಡಿಯಲ್ಲಿ ರಾತ್ರಿ ನಿಲ್ಲಿಸಿದ್ದ ತಮ್ಮ ಬಸ್ಸು ಉರುಳಿ ಹೊಳೆಗೆ ಬಿದ್ದಿದೆ, ಬಸ್ಸಿನ ಮುಂಭಾಗ ಪೂರ್ತಿ ಹಾಳಾಗಿದೆ, ಒಳಗೆ ಮಲಗಿದ್ದ ಕಂಡಕ್ಟರ್ ವಿಠೋಬ ಸತ್ತಿದ್ದಾನೆ, ಇದಕ್ಕೆಲ್ಲ ಡ್ರೈವರ್ ಸಾಂತಾನನೇ ಕಾರಣ ಎಂದ.

ಫೌಜದಾರ ಮಹಾಬಲ ಗಾಂವಕರ ಚಹಾದ ಲೋಟವನ್ನು ಕುಕ್ಕಿ ಇಟ್ಟ.

"ಮೊದಲು ಬಸ್ಸು, ಆಮೇಲೆ ಮನುಷ್ಯನೋ ಕಾಮತರೇ?"

ಕಾಮತ ಒಂದು ಹೆಜ್ಜೆ ಹಿಂದೆ ಸರಿದ. ಗಾಂವಕರನ ಸಿಟ್ಟು ಭಟ್ಕಳದ ಪೇಟೆಗೆಲ್ಲ ಗೊತ್ತಿತ್ತು. ಜಮಾದಾರ ಶುಕ್ರ ಗೌಡ ಫಿರ್ಯಾದು ಬರೆದುಕೊಂಡು ಎಫ್‌ಐಆರ್ ದಾಖಲಿಸಿದ. ನಿಷ್ಕಾಳಜಿಯಿಂದ ಮರಣ, ಕಲಂ 304-ಎ.

ಆ ಬಸ್ಸು ಬೆಳಗಿನ ಮೊದಲ ಸರ್ವಿಸು. ಆರು ಗಂಟೆಗೆ ತೆಂಗಿನಗುಂಡಿ ಬಿಟ್ಟು, ಭಟ್ಕಳಕ್ಕೆ ಬಂದು, ಅಲ್ಲಿಂದ ಕಾಸರಕೋಡಿನ ಹೊಳೆದಂಡೆಗೆ ಹೋಗುತ್ತಿತ್ತು. ಶರಾವತಿಗೆ ಸೇತುವೆಯಿಲ್ಲ. ಜನ ಲಾಂಚಿನಲ್ಲಿ ದಾಟಿ ಹೊನ್ನಾವರ ಸೇರಿದರೆ, ಕುಮಟೆಗೆ ಹೋಗಲು ಅದೇ ಕಂಪನಿಯ ಇನ್ನೊಂದು ಬಸ್ಸು ಕಾದಿರುತ್ತಿತ್ತು.

ತೆಂಗಿನಗುಂಡಿಯಲ್ಲಿ ಮೀನುಗಾರ ಮೊಗೇರರ ಕೇರಿಯೆಲ್ಲ ಹೊಳೆದಂಡೆಯಲ್ಲಿ ನೆರೆದಿತ್ತು. ಬಸ್ಸು ಮೂಗನ್ನು ನೀರಿಗೆ ಊರಿ ನಿಂತಿತ್ತು. ವಿಠೋಬನ ಹೆಣವನ್ನು ಮೇಲೆ ತಂದು ತೆಂಗಿನ ಗರಿಯ ಮೇಲೆ ಮಲಗಿಸಿದ್ದರು. ಪಂಚರನ್ನು ಕರೆಸಿ ಹೆಣದ ಪಂಚನಾಮೆ ಮುಗಿಸಿದ ಗಾಂವಕರ ಡ್ರೈವರನ ಕಡೆ ತಿರುಗಿದ. ಸಾಂತಾನ್ ನಲವತ್ತು ದಾಟಿದ ಹೊನ್ನಾವರದ ಕ್ರಿಸ್ತುವ. ಒದ್ದೆ ಖಾಕಿ ಬಟ್ಟೆಯಲ್ಲಿ ನಡುಗುತ್ತಿದ್ದ. ಹೊಳೆಗೆ ಹಾರಿ ಹೆಣ ತೆಗೆದವನು ಅವನೇ.

"ಕುಡಿದಿದ್ಯಾ?"

"ಇಲ್ಲ ಸಾಯೇಬ್ರೆ."

"ಇಳಿಜಾರಲ್ಲಿ ಎಂತಕ್ಕೆ ನಿಲ್ಲಿಸಿದ್ದು?"

"ಬ್ಯಾಟರಿ ಸತ್ತದೆ. ಬೆಳಿಗ್ಗೆ ಉರುಳಿಸಿಯೇ ಸ್ಟಾರ್ಟ್ ಮಾಡ್ಬೇಕು. ದಿನಾ ಹಾಗೇ."

"ಹ್ಯಾಂಡ್‌ಬ್ರೇಕು?"

"ಅದು ಸತ್ತು ವರ್ಷವಾತು. ಗೇರಿಗೆ ಹಾಕಿದ್ರೂ ಹಾರ್ತದೆ. ಅದಕ್ಕೇ ಮುಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಡುದು. ನಿನ್ನೆಯೂ ಕೊಟ್ಟಿದ್ದೆ."

"ಎಲ್ಲುಂಟು ಕಲ್ಲು? ತೋರಿಸು."

ಸಾಂತಾನ್ ಇಳಿಜಾರನ್ನು ನೋಡಿದ. ಜನ ಹಗ್ಗ ಹಿಡಿದು ಓಡಾಡಿ ನೆಲವೆಲ್ಲ ತುಳಿದು ಪುಡಿಯಾಗಿತ್ತು. ಕಲ್ಲು ಎಲ್ಲೂ ಕಾಣಲಿಲ್ಲ.

"ಬಸ್ಸಿನ ಭಾರ ಕೂತ ಕಲ್ಲು ಅದು, ಸಾಯೇಬ್ರೆ. ದಿನಾ ಬೆಳಿಗ್ಗೆ ನಾನು ಬ್ರೇಕ್ ತುಳಿದು ಕೂತ ಮೇಲೆ ವಿಠೋಬ ಸುತ್ತಿಗೆಯಲ್ಲಿ ಹೊಡೆದು ತೆಗೀತಿದ್ದ. ಬರಿಗೈಲಿ ಎಳೆದ್ರೆ ನಾಲ್ಕು ಗಂಡಸರಿಗೂ ಬರುದಿಲ್ಲ."

"ಅಂದ್ರೆ ಯಾರೂ ತೆಗೆದಿಲ್ಲ. ನೀನೇ ಕೊಡಲಿಲ್ಲ."

ಸಾಂತಾನ್ ಇನ್ನೇನೋ ಹೇಳಹೊರಟವನು ತಲೆ ತಗ್ಗಿಸಿದ. ಆ ತಗ್ಗಿಸಿದ ತಲೆ ನೋಡಿ ಗಾಂವಕರನ ಪಿತ್ತ ನೆತ್ತಿಗೇರಿತು. ಕಪಾಳಕ್ಕೆ ಒಂದು ಬಿಟ್ಟ. ಮಧ್ಯಾಹ್ನಕ್ಕೆ ಸಾಂತಾನನನ್ನು ದಸ್ತಗಿರಿ ಮಾಡಿ ಲಾಕಪ್ಪಿಗೆ ಹಾಕಿದರು. ಕಾಮತ ಸಂತೋಷದಿಂದ ಹೇಳಿಕೆಗೆ ಸಹಿ ಮಾಡಿದ. ತಪ್ಪು ಡ್ರೈವರನದಾದರೆ ಹ್ಯಾಂಡ್‌ಬ್ರೇಕಿನ ಮಾತು ಮಾಲೀಕರವರೆಗೆ ಹೋಗುವುದಿಲ್ಲ.

ಮರುದಿನ, ಬುಧವಾರ, ಬೆಳಗಿನ ಇಳಿತಕ್ಕೆ ನೀರು ತಗ್ಗಿದಾಗ ಬಸ್ಸನ್ನು ಎಳೆಯುವುದೆಂದಾಯಿತು. ಹ್ಯಾಂಡ್‌ಬ್ರೇಕನ್ನು ಕಣ್ಣಾರೆ ನೋಡಬೇಕೆಂದು ಗಾಂವಕರನೂ ಹೋದ. ದೋಣಿ ಎಳೆಯುವ ಹಾಗೆಯೇ ಹಾಡು ಹೇಳುತ್ತ ಮೂವತ್ತು ಮಂದಿ ಎಳೆದರು. ಹಗ್ಗಕ್ಕೆ ದಾರಿ ಬಿಡಲು ಹಿಂದೆ ಸರಿದ ಗಾಂವಕರ ಎಡವಿ ಮುಗ್ಗರಿಸಿದ.

"ಯಾವ ಹಲ್ಕಟ್ ಇಲ್ಲಿ..." ಎಂದವನು ಅಲ್ಲಿಗೇ ನಿಲ್ಲಿಸಿದ. ಬೂಟಿಗೆ ತಾಗಿದ್ದು ನೆಲದ ಮಟ್ಟಕ್ಕೆ ಹೂತಿದ್ದ ಕರಿಕಲ್ಲಿನ ನೆತ್ತಿ.

ಅವನೇ ಮಂಡಿಯೂರಿ ಮಣ್ಣು ಕೆದಕಿದ. ಕಲ್ಲಿನ ಕೆಳಗೆ, ಇಳಿಜಾರಿನ ಕಡೆಗೆ, ಒಂದು ಹೊಂಡ. ಕಲ್ಲು ಹೊಂಡಕ್ಕೆ ಜಾರಿ ಕೂತಿತ್ತು. ಚಕ್ರ ಅದರ ಮೇಲೆ ಹಾದುಹೋಗಿತ್ತು. ಒಂದು ಮಾರು ಆಚೆ ಇನ್ನೊಂದು ಕಲ್ಲು, ಇನ್ನೊಂದು ಹೊಂಡ. ಗಟ್ಟಿ ಕೆಂಪು ಜಂಬಿಟ್ಟಿಗೆ ಮಣ್ಣಿನ ಗೋಡೆಯ ಮೇಲೆ ಎರಡು ಬೆರಳಗಲದ ಗೀರುಗಳು ಒತ್ತೊತ್ತಾಗಿ ಬಿದ್ದಿದ್ದವು.

"ಯಾರೂ ಕಲ್ಲು ಎಳೆದಿಲ್ಲ ಶುಕ್ರ. ಕಲ್ಲಿನಡಿಯ ನೆಲ ತೆಗೆದಿದ್ದಾರೆ."

"ಗುದ್ದಲಿಯಲ್ಲ ಸಾಯೇಬ್ರೆ. ಇಷ್ಟು ಸಪೂರ ಎಂತದು?"

ಗಾಂವಕರ ಹೊಳೆಯ ಕಡೆ ನೋಡಿದ. ಆಚೆ ದಿಬ್ಬದ ಕೆಸರಿನಲ್ಲಿ ಹೆಂಗಸರು ಕುಕ್ಕರುಗಾಲಲ್ಲಿ ಕೂತು ಬಳಚು ಚಿಪ್ಪುಗಳನ್ನು ಅಗೆಯುತ್ತಿದ್ದರು. ಪ್ರತಿಯೊಬ್ಬಳ ಕೈಯಲ್ಲೂ ಒಂದು ಮೊಂಡು ಕತ್ತಿ.

ಎರಡನೆಯ ಪಂಚನಾಮೆ ಬರೆಸಿ, ಅವನು ಕೇರಿಯ ಮನೆ ಮನೆಯ ಕತ್ತಿಯನ್ನು ತರಿಸಿದ. ಹೆಂಗಸರು ಗೊಣಗಿದರು.

"ಬಳಚು ಅಗೆಯೂಕೂ ಲೈಸನ್ಸ್ ಬೇಕಾ ಈಗ?" ಎಂದಳು ಸಣ್ಣಿ. ಕೇರಿಯ ಹಿರಿಯ ಶನಿಯಾರನ ಹೆಂಡತಿ.

"ನಿನ್ನ ನಾಲಿಗೆಗೆ ಬೇಕು" ಎಂದ ಗಾಂವಕರ. ಕತ್ತಿಗಳನ್ನು ಸಾಲಾಗಿ ಇಡಿಸಿ ನೋಡಿದ. ಎಲ್ಲದರ ಹಿಡಿಯ ಸಂದಿಯಲ್ಲೂ ಹೊಳೆಯ ಕಪ್ಪು ಕೆಸರು.

"ಎಲ್ಲ ಬಂತಾ?"

ಸಣ್ಣಿ ಗಂಡನ ಕಡೆ ನೋಡಿದಳು. ಗಾಂವಕರ ಶನಿಯಾರನನ್ನು ಅವನ ದೋಣಿಯ ಚಪ್ಪರಕ್ಕೆ ಕರೆದೊಯ್ದು ಕೂರಿಸಿದ.

"ವಿಠೋಬ ಬಸ್ಸಲ್ಲಿ ಎಂತಕ್ಕೆ ಮಲಗಿದ? ಸಾಂತಾನ್ ಇಲ್ಲೇ ಮಲಗಿದ್ದನಲ್ಲ?"

"ಮುಂಚೆ ಇಬ್ರೂ ಇಲ್ಲೇ ಮಲಗ್ತಿದ್ರು."

"ಮತ್ತೆ?"

"ಅವನಿಗೆ ನಾವು ಚಾಪೆ ಕೊಡ್ಲಿಲ್ಲ. ನೀರೂ ಕೊಡ್ಲಿಲ್ಲ." ಶನಿಯಾರ ಹಚ್ಚಲು ತೆಗೆದ ಬೀಡಿಯನ್ನು ಕಿವಿಗೆ ಸಿಕ್ಕಿಸಿದ. "ಹೊಡೀಲಿಲ್ಲ, ಬೈಲಿಲ್ಲ ಸಾಯೇಬ್ರೆ. ಅವನ ಹತ್ರ ಮಾತು ಬಿಟ್ವು. ಅಷ್ಟೇ."

"ಎಂತ ಮಾಡಿದ್ದ ಅವ?"

ಶನಿಯಾರ ಹೇಳಿದ. ಹಿಂದಿನ ವಾರ ಈರಮ್ಮನ ಮಗಳು ನೀಲಾಳಿಗೆ ಗಂಟಲಮಾರಿ ಬಂತು. ಆರು ವರ್ಷದ ಕೂಸು; ಗಂಡ ಸಮುದ್ರದ ಪಾಲಾದ ಮೇಲೆ ಈರಮ್ಮನಿಗೆ ಅದೊಂದೇ. ಅದಕ್ಕೆ ಬೇಕಾದ ಸೂಜಿಮದ್ದು ಹೊನ್ನಾವರದಲ್ಲೇ ಸಿಗಬೇಕು ಎಂದಿದ್ದರು. ಬೆಳಗಿನ ಬಸ್ಸಿಗೆ ಈರಮ್ಮ ಕೂಸನ್ನು ಹೊತ್ತು ಬಂದಳು. ಹಿಂದಿನ ದಿನ ಮೀನು ಬಿದ್ದಿರಲಿಲ್ಲ. ಬುಟ್ಟಿಯ ಹೆಂಗಸರು ಯಾರೂ ಪೇಟೆಗೆ ಹೊರಟಿರಲಿಲ್ಲ. ಮೆಟ್ಟಿಲ ಹತ್ತಿರ ಅವಳೊಬ್ಬಳೇ. ದಿನದ ಬೋಣಿಗೆ ವಿಧವೆಯನ್ನು ಹತ್ತಿಸಬಾರದೆಂದು ಕಂಪನಿಯವರ ಕಟ್ಟು. ಬೇರೆ ಯಾರಾದರೂ ಹತ್ತಲಿ, ಆಮೇಲೆ ನೀನು ಹತ್ತು ಎಂದ ವಿಠೋಬ. ಬೇರೆ ಯಾರೂ ಬರಲಿಲ್ಲ. ಹೊತ್ತಾಯಿತು, ಬಸ್ಸು ಹೋಯಿತು. ಅವಳು ಭಟ್ಕಳದವರೆಗೆ ನಡೆದು, ಮುಂದಿನ ಬಸ್ಸು ಹಿಡಿದು ಕಾಸರಕೋಡು ಮುಟ್ಟಿದಳು. ಲಾಂಚು ಆಚೆ ದಡದಲ್ಲಿತ್ತು. ಅದು ಬರುವಷ್ಟರಲ್ಲಿ ಕೂಸಿನ ಉಸಿರು ನಿಂತಿತ್ತು.

ಗಾಂವಕರ ಎದ್ದು ನಿಂತ. ಯಾರ ಮೇಲೆ ರೇಗಬೇಕೋ ತಿಳಿಯದೆ, ಚಪ್ಪರದ ಕಂಬಕ್ಕೆ ಲಾಠಿಯಿಂದ ಬಡಿದ.

ಈರಮ್ಮನ ಗುಡಿಸಲು ಕೇರಿಯ ಕೊನೆಯಲ್ಲಿತ್ತು. ಸೂತಕ ಇನ್ನೂ ಕಳೆದಿರಲಿಲ್ಲ. ಅವಳು ಹೊಸ್ತಿಲ ಒಳಗೆ ಕೂತಿದ್ದಳು. ವಯಸ್ಸು ಮೂವತ್ತು ಇರಬಹುದು.

"ನಿನ್ನ ಬಳಚು ಕತ್ತಿ ಎಲ್ಲುಂಟು?"

ಅವಳು ಮಾಡಿನ ಹುಲ್ಲಿನ ಕಡೆ ಕೈ ತೋರಿಸಿದಳು. ಶುಕ್ರ ಎಳೆದು ಕೊಟ್ಟ. ಕತ್ತಿಯ ಮೂತಿ ಬಾಗಿತ್ತು. ಹಿಡಿಯ ಸಂದಿಯಲ್ಲಿ ಒಣಗಿದ್ದದ್ದು ಕೆಂಪು ಮಣ್ಣು.

"ಇದೆಲ್ಲಿಯ ಮಣ್ಣು?"

"ನೀವು ನೋಡಿಯೇ ಬಂದಿರಲ್ಲ. ಮತ್ತೆ ಕೇಳುದು ಎಂತಕ್ಕೆ?"

"ವಿಠೋಬನ್ನ ಕೊಲ್ಲಬೇಕು ಅಂತ ಮಾಡಿದ್ಯಾ?"

ಆಗ ಅವಳು ಮೊದಲ ಸಲ ಮುಖವೆತ್ತಿದಳು.

"ಅವ ಒಳಗಿದ್ದದ್ದು ನನಗೆ ಯಾರು ಹೇಳಿದ್ರು? ಅವ್ರು ಮಲಗುದು ಶನಿಯಾರಣ್ಣನ ಚಪ್ಪರದಲ್ಲಿ. ಸೂತಕದ ಮನೆ ಅಂತ ಯಾರೂ ಈ ಬಾಗ್ಲಿಗೆ ಬರ್ಲಿಲ್ಲ. ಕೇರಿಯಲ್ಲಿ ಎಂತ ನಡೀತು ಅಂತ ನನಗೆ ಹೆಂಗೆ ಗೊತ್ತಾಗುದು? ನಾ ಬಸ್ಸನ್ನ ಮುಳುಗಿಸೂಕೆ ಹೋದದ್ದು. ಅವ ಕೂಗಿದ್ದು ಕೇಳಿತು. ನೀರಿಗೆ ಬಿದ್ದ ಮೇಲೆ."

"ಬಸ್ಸು ನಿನಗೆಂತ ಮಾಡಿತ್ತೇ? ಬಿಟ್ಟು ಹೋದವ ಅವನಲ್ಲವಾ?"

"ಕೂಸಿಗೆ ಜೋರಾದ ರಾತ್ರಿಯೇ ಶನಿಯಾರಣ್ಣ ದೋಣಿ ತೆಗೀತೆ ಅಂದಿದ್ದ. ಗಾಳಿ ಚಲೋ ಇತ್ತು. ಬೆಳಗಾಗುದ್ರೊಳಗೆ ಹೊನ್ನಾವರ ಮುಟ್ಟಿಸ್ತೆ, ಬಾ ತಂಗಿ ಅಂದ. ನಾನೇ ಬೇಡ ಅಂದೆ. ಕೂಸಿಗೆ ಥಂಡಿ ತಾಗ್ತದೆ, ಬೆಳಗಾದ್ರೆ ಬಸ್ಸು ಉಂಟಲ್ಲ ಅಂದೆ." ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಆ ಬಸ್ಸೊಂದು ಇಲ್ಲದಿದ್ರೆ ನಾ ದೋಣಿ ಹತ್ತಿ ಹೋಗ್ತಿದ್ದೆ ಸಾಯೇಬ್ರೆ."

ಗಾಂವಕರ ಹೇಳಿಕೆಯನ್ನು ಶುಕ್ರನಿಗೆ ಬಿಡದೆ ತಾನೇ ಬರೆದ. ಬಸ್ಸಿನೊಳಗೆ ಮನುಷ್ಯನಿದ್ದದ್ದು ಆರೋಪಿಗೆ ತಿಳಿದಿರಲಿಲ್ಲ ಎಂಬ ಸಾಲಿನ ಕೆಳಗೆ ಗೆರೆ ಎಳೆದ. ಅವಳು ಹೆಬ್ಬೆಟ್ಟು ಒತ್ತಿದಳು. ಬುಧವಾರ ಸಂಜೆ ನಾಲ್ಕಕ್ಕೆ ದಸ್ತಗಿರಿಯಾಯಿತು. ಚಾಪೆ ಕೊಡದ ಕೇರಿಗೂ, ಬೋಣಿಯ ಕಟ್ಟು ಮಾಡಿದ ಮಾಲೀಕನಿಗೂ ಹಾಕಲು ಅವನ ಬಳಿ ಕಲಮಿರಲಿಲ್ಲ. ಕಾಮತನ ಮುಂದೆ ಹ್ಯಾಂಡ್‌ಬ್ರೇಕಿನ ಪಂಚನಾಮೆಗೆ ಸಹಿ ಮಾಡಿಸಿದ್ದಷ್ಟೇ ಅವನಿಗೆ ದಕ್ಕಿದ್ದು.

ಅಷ್ಟು ಹೊತ್ತಿಗೆ ಸಾಂತಾನನನ್ನು ಬಿಡುವ ಕಾಗದ ಹಿಡಿದು ಪೇದೆಯೊಬ್ಬ ಠಾಣೆಗೆ ಹೋಗಿ ಬಂದಿದ್ದ.

"ಈರಮ್ಮನ ವಿಷಯ ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದ್ಯಾ ಅವನಿಗೆ?" ಗಾಂವಕರ ಪೇದೆಯನ್ನು ವಿಚಾರಿಸಿದ.

"ಕೇಳಿದೆ ಸಾಯೇಬ್ರೆ. ಎರಡು ಸಲ ಗಂಟೆ ಹೊಡೆದದ್ದು ವಿಠೋಬನೇ ಆದ್ರೂ, ಬಸ್ಸು ಬಿಟ್ಟವ ನಾನಲ್ಲವಾ ಅಂದ. ಕನ್ನಡಿಯಲ್ಲಿ ಅವಳು ಕಾಣ್ತಿದ್ಲಂತೆ."

ಕಂಪನಿಯ ಇನ್ನೊಂದು ಬಸ್ಸು ಪೊಲೀಸರಿಗಾಗಿ ದಾರಿಯಲ್ಲಿ ನಿಂತಿತ್ತು. ಈರಮ್ಮ ಅದನ್ನು ಕಂಡು ನಿಂತುಬಿಟ್ಟಳು.

"ನಾ ಹತ್ತುದಿಲ್ಲ."

"ಎತ್ತಿ ಕೂರಿಸಲಾ?" ಎಂದ ಶುಕ್ರ.

"ಮುಟ್ಟಿದ್ರೆ ನಿನ್ನ ಕೈ ಮುರೀತೇನೆ" ಎಂದು ಶುಕ್ರನನ್ನು ಗದರಿದ ಗಾಂವಕರ, ಜೊತೆಗೆ ಬರಲು ಸಣ್ಣಿಯನ್ನು ಕರೆದ. "ನಡೀರಿ. ನಡೆದೇ ಹೋಗುವ."

ಮೂವರೂ ಮಣ್ಣುದಾರಿಗೆ ಇಳಿದರು. ಸ್ವಲ್ಪ ದೂರ ಹೋದ ಮೇಲೆ ಈರಮ್ಮ ತಿರುಗದೆಯೇ ಕೇಳಿದಳು.

"ಆ ಕಂಡಕ್ಟರನಿಗೆ ಮಕ್ಕಳಿದ್ರಾ ಸಾಯೇಬ್ರೆ?"

ಕುಮಟೆಯಿಂದ ವಿಠೋಬನ ಹೆಂಡತಿ ನಿನ್ನೆ ಸಂಜೆಯೇ ಬಂದಿದ್ದಳು. ಎರಡು ಮಕ್ಕಳನ್ನು ಅಕ್ಕಪಕ್ಕ ಕೂರಿಸಿಕೊಂಡು ಬೆಳಗಿನಿಂದ ಠಾಣೆಯ ಜಗಲಿಯಲ್ಲೇ ಇದ್ದಳು. ಗಾಂವಕರ ಹಿಂದೆ ತಿರುಗಿ, ಬಸ್ಸಿನ ಬಳಿ ಇನ್ನೂ ನಿಂತಿದ್ದ ಶುಕ್ರನತ್ತ ಓಡುನಡಿಗೆಯಲ್ಲಿ ಹೋದ.

"ನೀನು ಬಸ್ಸಿನಲ್ಲಿ ಮುಂದೆ ಹೋಗು. ಜಗಲಿಯಲ್ಲಿ ಕೂತವರನ್ನ ಎಲ್ಲಾದ್ರೂ ಊಟಕ್ಕೆ ಕರ್ಕೊಂಡು ಹೋಗು. ನಾವು ಒಳಗೆ ಹೋಗುವ ತನಕ ಅವರನ್ನ ವಾಪಸ್ ತರಬೇಡ."

ಬಸ್ಸು ಕೆಂಪು ಧೂಳೆಬ್ಬಿಸಿ ಅವರನ್ನು ದಾಟಿ ಹೋಯಿತು. ಧೂಳು ಅಡಗುವವರೆಗೆ ಹೆಂಗಸರಿಬ್ಬರೂ ಸೆರಗು ಮುಚ್ಚಿಕೊಂಡು ದಾರಿಯ ಬದಿಗೆ ನಿಂತರು.

"ಗೊತ್ತಿಲ್ಲ" ಎಂದ ಗಾಂವಕರ.

ಈರಮ್ಮ ಸೆರಗು ಕೊಡವಿ ಮುಂದೆ ಹೆಜ್ಜೆ ಹಾಕಿದಳು. ಗಾಂವಕರ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಅವಳ ಹೆಜ್ಜೆಗೆ ತನ್ನ ಹೆಜ್ಜೆ ನಿಧಾನಿಸುತ್ತ ಭಟ್ಕಳದ ಕಡೆಗೆ ನಡೆದ.